ಗೇಟಿಗೂ ಕಾರ್ಡಿಗೂ ನಡುವೆ ನಾಲ್ಕು ಬೆರಳು



ದೆಹಲಿಯ ರಾಜೀವ್ ಚೌಕ್ ಆಗಲಿ, ಮುಂಬಯಿಯ ಘಾಟ್ಕೋಪರ್ ಆಗಲಿ, ಚೆನ್ನೈನ ಆಲಂದೂರು, ಹೈದರಾಬಾದಿನ ಅಮೀರ್‌ಪೇಟ್ ಆಗಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಟ್ರೋ ಗೇಟಿನ ಪಕ್ಕದಲ್ಲಿ ಎರಡು ನಿಮಿಷ ನಿಂತು ನೋಡಿ. ಒಬ್ಬರು ಕಾರ್ಡನ್ನು ಪರ್ಸಿನಿಂದ ತೆಗೆಯದೆಯೇ ತೋರಿಸಿ ಸಲೀಸಾಗಿ ದಾಟುತ್ತಾರೆ. ಅವರ ಹಿಂದಿನವರು ಅದೇ ರೀತಿ ಪರ್ಸು ಹಿಡಿದು ನಿಂತರೆ ಗೇಟು ತೆರೆಯುವುದಿಲ್ಲ. ತಿರುಗಿಸಿ ಮುರುಗಿಸಿ ಹಿಡಿಯುತ್ತಾರೆ, ಒತ್ತುತ್ತಾರೆ, ಕೊನೆಗೆ ಕಾರ್ಡನ್ನು ಹೊರಗೆ ಎಳೆಯುತ್ತಾರೆ. ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಗಿರುತ್ತದೆ. ಆಗ ನಿಮಗೂ ಅನ್ನಿಸಿರಬಹುದು: ಇದನ್ನು ಮಾಡಿದವರು ಇನ್ನೊಂದು ಮೊಳ ದೂರದಿಂದ ಓದುವ ಹಾಗೆ ಮಾಡಬಾರದಿತ್ತೇ?

ಮಾಡಬಹುದಿತ್ತು. ಬೇಕೆಂತಲೇ ಮಾಡಲಿಲ್ಲ. ಆ ನಾಲ್ಕು ಬೆರಳಿನ ಅಂತರವನ್ನು ಹಿಗ್ಗಿಸಲು ಯಾರು ಯಾರು ಹೊರಟರು, ಎಷ್ಟು ದೂರ ಹೋದರು, ಅದರಿಂದ ನಮ್ಮ ನಿಮ್ಮ ಜೇಬಿಗೆ ಏನಾಯಿತು ಎಂಬುದು ಒಂದು ಒಳ್ಳೆಯ ಕತೆ. ರೇಡಿಯೋ ಕೇಳುವವರಿಗೆ ಈ ಕತೆ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಇದು ಅಪ್ಪಟ ರೇಡಿಯೋದ ಕತೆ.

ನಿಮ್ಮಲ್ಲಿ ಹಿರಿಯರಿಗೆ ಕ್ರಿಸ್ಟಲ್ ಸೆಟ್ ನೆನಪಿರಬೇಕು. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ. ಒಂದು ತಂತಿಯ ಸುರುಳಿ, ಒಂದು ಡಯೋಡ್, ಕಿವಿಗೆ ಒಂದು ಹೆಡ್‌ಫೋನ್. ಆಕಾಶವಾಣಿಯ ಮೀಡಿಯಂ ವೇವ್ ಅಲೆಯಲ್ಲಿ ಬಂದ ಶಕ್ತಿಯಿಂದಲೇ ಅದು ಹಾಡುತ್ತಿತ್ತು. ಮೆಟ್ರೋ ಕಾರ್ಡು ಈ ಕ್ರಿಸ್ಟಲ್ ಸೆಟ್ಟಿನ ಮೊಮ್ಮಗ ಎಂದುಕೊಳ್ಳಿ. ಅದರೊಳಗೂ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ಕಿನ ಅಂಚಿನಲ್ಲಿ ನಾಲ್ಕಾರು ಸುತ್ತು ತಂತಿ, ಅದಕ್ಕೆ ಅಂಟಿಕೊಂಡ ಸಾಸಿವೆ ಕಾಳಿನಷ್ಟು ಚಿಪ್ಪು. ಗೇಟು ಬಿಡುವ ಅಲೆಯನ್ನು ಕುಡಿದು ಎಚ್ಚರವಾಗುತ್ತದೆ, ಅದೇ ಶಕ್ತಿಯಲ್ಲಿ ಉತ್ತರವನ್ನೂ ಹೇಳುತ್ತದೆ. ಉಣಿಸುವ ಕೈ ದೂರವಾದರೆ ಉಸಿರೂ ಇಲ್ಲ, ಉತ್ತರವೂ ಇಲ್ಲ.

ದೂರ ಎಂಬುದು ರೇಡಿಯೋದವರನ್ನು ಮೊದಲಿನಿಂದಲೂ ಕಾಡಿದ ವಿಷಯ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟ್‌ನ ಟ್ರಾನ್ಸ್‌ಮಿಟರ್. ಇನ್ನೂ ದೂರದವರಿಗೆ ಕೇಳಿಸಬೇಕು ಎಂದಾಗ 250 ವಾಟ್‌ನದನ್ನು ತರಿಸಿಕೊಂಡರು. ಶಕ್ತಿ ಹೆಚ್ಚಿಸು, ದೂರ ಹೆಚ್ಚುತ್ತದೆ. ಬಾನುಲಿಗೆ ಅಷ್ಟೇ ಸಾಕು. ಕಾರ್ಡಿನ ವಿಷಯದಲ್ಲಿ ಈ ಲೆಕ್ಕ ಏಕೆ ಎಡವುತ್ತದೆ ಎಂಬುದಕ್ಕೆ ಆಮೇಲೆ ಬರೋಣ. ಮೊದಲು ಮಾಸ್ಕೋಗೆ ಹೋಗಬೇಕು.

1945ರ ಆಗಸ್ಟ್. ಸೋವಿಯತ್ ಶಾಲಾಮಕ್ಕಳ ತಂಡವೊಂದು ಅಮೆರಿಕದ ರಾಯಭಾರಿ ಆವೆರೆಲ್ ಹ್ಯಾರಿಮನ್ ಅವರಿಗೆ ಸ್ನೇಹದ ಕಾಣಿಕೆ ಕೊಟ್ಟಿತು. ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನ, ರೆಕ್ಕೆ ಬಿಚ್ಚಿದ ಹದ್ದು. ರಾಯಭಾರಿ ಅದನ್ನು ಮನೆಯ ಓದುವ ಕೋಣೆಯಲ್ಲಿ ತೂಗುಹಾಕಿದರು. ಏಳು ವರ್ಷ ಅದು ಅಲ್ಲೇ ಇತ್ತು. ರಾಯಭಾರಿಗಳು ಬದಲಾದರು, ಹದ್ದು ಬದಲಾಗಲಿಲ್ಲ. ನಡುವೆ ಬ್ರಿಟಿಷ್ ರೇಡಿಯೋ ಆಪರೇಟರ್ ಒಬ್ಬರಿಗೆ ಅಮೆರಿಕನ್ನರ ಮಾತುಕತೆ ಗಾಳಿಯಲ್ಲಿ ಆಕಸ್ಮಿಕವಾಗಿ ಕೇಳಿಸಿತು. ಹುಡುಕಾಟ ನಡೆದು 1952ರಲ್ಲಿ ಮರದ ಹದ್ದಿನ ಹೊಟ್ಟೆಯೊಳಗಿನ ಗುಟ್ಟು ಸಿಕ್ಕಿತು. ಒಂದು ಲೋಹದ ಡಬ್ಬಿ, ಅದಕ್ಕೆ ತೆಳ್ಳನೆಯ ಪೊರೆ, ಒಂದು ಗೇಣು ಉದ್ದದ ಕಡ್ಡಿ. ಬ್ಯಾಟರಿ ಇಲ್ಲ, ತಂತಿ ಇಲ್ಲ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯ ಮಾತಿಗೆ ಪೊರೆ ಅದುರುತ್ತಿತ್ತು, ಆ ಅದುರುವಿಕೆ ಮರಳುವ ಅಲೆಯಲ್ಲಿ ಸೇರಿ ಹೊರಗೆ ಹೋಗುತ್ತಿತ್ತು. ಸುಮ್ಮನಿದ್ದಾಗ ಅದು ಬರೀ ಮರದ ತುಂಡು. ಹಾಗಾಗಿಯೇ ಏಳು ವರ್ಷದ ತಪಾಸಣೆಯಲ್ಲಿ ಯಾರ ಕೈಗೂ ಸಿಗಲಿಲ್ಲ. 1960ರಲ್ಲಿ ಅಮೆರಿಕ ಅದನ್ನು ವಿಶ್ವಸಂಸ್ಥೆಯ ಸಭೆಯಲ್ಲೇ ಎತ್ತಿ ತೋರಿಸಿತು.

ಅದನ್ನು ರೂಪಿಸಿದವರು ಲಿಯೋನ್ ಥೆರೆಮಿನ್. ಕೈಯಿಂದ ಮುಟ್ಟದೆಯೇ ನುಡಿಸುವ ‘ಥೆರೆಮಿನ್’ ವಾದ್ಯದ ಜನಕ ಇವರೇ. ಅಮೆರಿಕದಲ್ಲಿ ಸಂಗೀತ ಕಛೇರಿ ಕೊಟ್ಟು ಹೆಸರು ಮಾಡಿದ್ದ ಈ ಮನುಷ್ಯ 1938ರಲ್ಲಿ ತಾಯ್ನಾಡಿಗೆ ಮರಳಿದರು, ಮರುವರ್ಷವೇ ಬಂಧನಕ್ಕೊಳಗಾದರು, ಸೆರೆಯಲ್ಲಿದ್ದುಕೊಂಡೇ ಸರ್ಕಾರಕ್ಕಾಗಿ ಇಂಥ ಉಪಕರಣಗಳನ್ನು ಮಾಡಿಕೊಟ್ಟರು. ಮುಟ್ಟದೆ ನುಡಿಸುವ ವಾದ್ಯ ಕೊಟ್ಟವನೇ ಮುಟ್ಟದೆ ಕದಿಯುವ ಕಿವಿಯನ್ನೂ ಕೊಟ್ಟ. ಕಾದಂಬರಿಕಾರರು ಹೀಗೆ ಬರೆದರೆ ಅತಿಯಾಯಿತು ಅನ್ನುತ್ತೇವೆ!

ಇದು ಗುಪ್ತಚರರ ಕೆಲಸ, ಲೋಕಕ್ಕೆ ಗೊತ್ತಿರಲಿಲ್ಲ. ಹೊರಗೆ, ಬೆಳಕಿನಲ್ಲಿ, ಇದೇ ತತ್ವವನ್ನು ಬರೆದಿಟ್ಟವರು ಹ್ಯಾರಿ ಸ್ಟಾಕ್‌ಮನ್. 1948ರ ಅಕ್ಟೋಬರಿನಲ್ಲಿ ಅಮೆರಿಕದ ರೇಡಿಯೋ ಎಂಜಿನಿಯರುಗಳ ಪತ್ರಿಕೆಯಲ್ಲಿ, ಮರಳುವ ಅಲೆಯಿಂದಲೇ ಸಂಪರ್ಕ ಸಾಧಿಸುವ ಬಗ್ಗೆ ಅವರ ಲೇಖನ ಬಂತು. ಕೆಲಸ ಇನ್ನೂ ಬೇಕಾದಷ್ಟಿದೆ ಎಂದು ಅವರೇ ಅದರಲ್ಲಿ ಒಪ್ಪಿಕೊಂಡಿದ್ದರು. ಟ್ರಾನ್ಸಿಸ್ಟರ್ ಆಗಷ್ಟೇ ಹುಟ್ಟಿತ್ತು, ಚಿಪ್ ಹುಟ್ಟಿರಲಿಲ್ಲ. ಇಪ್ಪತ್ತೈದು ವರ್ಷ ಕಾಯಬೇಕಾಯಿತು.

1970ರ ದಶಕದಲ್ಲಿ ಈ ವಿದ್ಯೆ ಎರಡು ದಾರಿ ಹಿಡಿಯಿತು. ಒಂದು ದಾರಿ ದೂರದ್ದು, ಇನ್ನೊಂದು ಹತ್ತಿರದ್ದು. ಅಮೆರಿಕದ ಅಣುಬಾಂಬ್ ಖ್ಯಾತಿಯ ಲಾಸ್ ಅಲಮೋಸ್ ಪ್ರಯೋಗಾಲಯದ ಆಲ್ಫ್ರೆಡ್ ಕೋಲ್, ಸ್ಟೀವನ್ ಡೆಪ್, ರಾಬರ್ಟ್ ಫ್ರೇಮನ್ ಮೊದಲ ದಾರಿಯವರು. 1975ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಟ್ಯಾಗು ತಾನಾಗಿ ಅಲೆ ಬಿಡುವುದಿಲ್ಲ, ಕನ್ನಡಿ ಮಿನುಗಿಸಿದ ಹಾಗೆ ಬಂದ ಅಲೆಯನ್ನೇ ತಿರುಗಿಸಿ ಕಳಿಸುತ್ತದೆ. ಹತ್ತಾರು ಮೀಟರ್ ದೂರದಿಂದ ಓದಬಹುದಿತ್ತು. ಅವರ ಮುಂದೆ ಇದ್ದ ಗಿರಾಕಿಗಳಲ್ಲಿ ಒಬ್ಬರು ಯಾರು ಗೊತ್ತೇ? ಕೃಷಿ ಇಲಾಖೆ. ಹಸುವಿನ ಗುರುತು ಮತ್ತು ಮೈಬಿಸಿ ಎರಡನ್ನೂ ದೂರದಿಂದಲೇ ತಿಳಿಯಬೇಕಿತ್ತು. ನಮ್ಮ ಊರುಗಳ ಹಸುಗಳ ಕಿವಿಯಲ್ಲಿ ಈಗ ಹಳದಿ ಬಿಲ್ಲೆ ಕಾಣುತ್ತದಲ್ಲ, ಅದು ಬೇರೆ. ಅದರಲ್ಲಿ ರೇಡಿಯೋ ಇಲ್ಲ, 12 ಅಂಕಿಯ ಸಂಖ್ಯೆ ಮತ್ತು ಬಾರ್‌ಕೋಡ್ ಮಾತ್ರ.

ಎರಡನೆಯ ದಾರಿಯಲ್ಲಿ ಚಾರ್ಲ್ಸ್ ವಾಲ್ಟನ್ ಇದ್ದರು. 1973ರಲ್ಲಿ ಅವರು ಪೇಟೆಂಟ್ ಪಡೆದದ್ದು ಬೀಗಕ್ಕೆ. ಕಾರ್ಡನ್ನು ಬಾಗಿಲ ಬಳಿ ಹಿಡಿದರೆ ಬೀಗ ತೆರೆಯುವ ಏರ್ಪಾಡು. ಅದೇ ವರ್ಷದ ಜನವರಿಯಲ್ಲಿ ಮಾರಿಯೋ ಕಾರ್ಡುಲೊ ಎಂಬವರಿಗೆ, ಬರೆದು ಅಳಿಸಬಹುದಾದ ನೆನಪುಳ್ಳ ಟ್ಯಾಗಿಗೆ ಪೇಟೆಂಟ್ ಸಿಕ್ಕಿತ್ತು. ಯಾರು ಮೊದಲು ಎಂಬ ಜಗಳ ಇಂದಿಗೂ ಇದೆ, ನಮಗೆ ಅದು ಬೇಡ. ನಮಗೆ ಬೇಕಾದದ್ದು ವಾಲ್ಟನ್ನರ ಬಾಗಿಲು. ಬಾಗಿಲ ಬೀಗ ಹತ್ತಡಿ ದೂರದಿಂದ ತೆರೆದರೆ ಅದು ಬೀಗವೇ ಅಲ್ಲ! ಇಲ್ಲಿ ದೂರ ಕಡಿಮೆ ಇರುವುದೇ ಗುಣ.

ಮೆಟ್ರೋ ಕಾರ್ಡು ಈ ಎರಡನೆಯ ವಂಶದ್ದು. ದಕ್ಷಿಣ ಕೊರಿಯಾದ ಸೋಲ್ ನಗರದ ಬಸ್ಸುಗಳಲ್ಲಿ 1996ರಲ್ಲಿ, ಹಾಂಗ್‌ಕಾಂಗಿನ ಆಕ್ಟೋಪಸ್ ಕಾರ್ಡಿನಲ್ಲಿ 1997ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬಂತು. 2000ದ ಹೊತ್ತಿಗೆ ಐಎಸ್‌ಒ 14443 ಎಂಬ ಅಂತರರಾಷ್ಟ್ರೀಯ ಮಾನದಂಡ ಸಿದ್ಧವಾಯಿತು. ಓದುವ ದೂರ ಸುಮಾರು 10 ಸೆಂಟಿಮೀಟರ್. 2002ರ ಡಿಸೆಂಬರ್ 24ರಂದು ದೆಹಲಿ ಮೆಟ್ರೋ ಶಾಹ್‌ದರಾದಿಂದ ತೀಸ್ ಹಜಾರಿವರೆಗೆ ಓಡಿದಾಗ ನಮ್ಮ ದೇಶದವರ ಕೈಗೆ ಇಂಥ ಟೋಕನ್ ಬಂತು. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ನಮ್ಮ ಮೆಟ್ರೋ ಶುರುವಾದಾಗಲೂ ಅಂಥದೇ ಬಿಲ್ಲೆ. ಊರಿಗೆ ಹೋದಾಗ ಅದನ್ನು ನೆನಪಿಗೆಂದು ಜೇಬಿನಲ್ಲಿ ಇಟ್ಟುಕೊಂಡು ಬರೋಣ ಅನ್ನಿಸಿದವರು ನಮ್ಮಲ್ಲಿ ಇಲ್ಲದಿಲ್ಲ. ಆದರೆ ಹೊರಬರುವ ಗೇಟು ಅದನ್ನು ನುಂಗಿಕೊಂಡೇ ದಾರಿ ಬಿಡುತ್ತದೆ.

ಈಗ ದೂರದ ಲೆಕ್ಕ. ಸ್ವಲ್ಪ ಗಮನ ಕೊಡಿ, ಕಷ್ಟವಿಲ್ಲ.

ಈ ಕಾರ್ಡುಗಳು ಕೆಲಸ ಮಾಡುವುದು 13.56 ಮೆಗಾಹರ್ಟ್ಸ್‌ನಲ್ಲಿ. ಶಾರ್ಟ್‌ವೇವ್ ಕೇಳುತ್ತಿದ್ದವರಿಗೆ ಹೇಳುವುದಾದರೆ 22 ಮೀಟರ್ ಬ್ಯಾಂಡಿನ ಬಾಗಿಲಲ್ಲೇ. ಅಲೆಯ ಉದ್ದ 22 ಮೀಟರ್, ಕಾರ್ಡು ಇರುವುದು ಹತ್ತು ಸೆಂಟಿಮೀಟರಿನಲ್ಲಿ. ಇಷ್ಟು ಹತ್ತಿರದಲ್ಲಿ ಅಲೆ ಇನ್ನೂ ಅಲೆಯಾಗಿ ಹೊರಟೇ ಇರುವುದಿಲ್ಲ. ಗೇಟಿನ ಸುರುಳಿಯ ಸುತ್ತ ಒಂದು ಕಾಂತಕ್ಷೇತ್ರ ಉಬ್ಬಿ ಕುಗ್ಗುತ್ತಿರುತ್ತದೆ, ಅಷ್ಟೇ. ಕಾರ್ಡಿನ ಸುರುಳಿ ಅದರೊಳಗೆ ಬಂದಾಗ ಎರಡೂ ಸೇರಿ ಒಂದು ಟ್ರಾನ್ಸ್‌ಫಾರ್ಮರ್ ಆಗುತ್ತವೆ. ಕರೆಂಟ್ ಕಂಬದ ಮೇಲಿನ ಡಬ್ಬಿಯಲ್ಲಿ ನಡೆಯುವುದೇ ಇಲ್ಲಿ ನಡೆಯುತ್ತದೆ, ನಡುವೆ ಕಬ್ಬಿಣದ ಬದಲು ಗಾಳಿ.

ಸುರುಳಿಯಿಂದ ಸ್ವಲ್ಪ ಆಚೆ ಹೋದರೆ ಈ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಸಿಯುತ್ತದೆ. ದೂರ ಇಮ್ಮಡಿಯಾದರೆ ಬಲ ಎಂಟನೇ ಒಂದು ಭಾಗ. ಅದನ್ನು ಸರಿದೂಗಿಸಲು ಸುರುಳಿಯಲ್ಲಿ ಎಂಟು ಪಟ್ಟು ಕರೆಂಟ್ ಹರಿಸಬೇಕು, ಅಂದರೆ ಅರವತ್ತನಾಲ್ಕು ಪಟ್ಟು ಶಕ್ತಿ. ಗೋಪಾಲಸ್ವಾಮಿಯವರ ಉಪಾಯ ಇಲ್ಲಿ ನಡೆಯದಿರುವುದು ಇದಕ್ಕೇ. ಶಕ್ತಿ ಸುರಿದದ್ದಷ್ಟೇ ಬಂತು, ನಾಲ್ಕು ಬೆರಳು ಎಂಟು ಬೆರಳಾಗುವಷ್ಟರಲ್ಲಿ ಯಂತ್ರ ಬಿಸಿಯಾಗಿ ಕೂತಿರುತ್ತದೆ.

ಹಾಗಾದರೆ ದಾರಿ? ಸುರುಳಿಯನ್ನು ದೊಡ್ಡದು ಮಾಡುವುದು. ಎಷ್ಟು ದೂರ ಓದಬೇಕೋ ಹೆಚ್ಚುಕಡಿಮೆ ಆ ಅಳತೆಯದೇ ಸುರುಳಿ ಬೇಕು. ಅಂಗೈಯಷ್ಟಗಲದ ಸುರುಳಿಗೆ ಎಷ್ಟು ಶಕ್ತಿ ಕೊಟ್ಟರೂ ಮೊಳ ದೂರಕ್ಕೆ ಕೈ ಚಾಚುವುದಿಲ್ಲ, ಹರಿವಾಣದಷ್ಟಗಲದ ಸುರುಳಿ ಚಾಚುತ್ತದೆ. ಗೇಟಿನಲ್ಲಿ ಅಂಗೈಯಷ್ಟೇ ಅಗಲದ ಫಲಕ ಇಟ್ಟಿರುವುದೂ ಇದನ್ನು ತಿಳಿದೇ. ಒಂದು ಗೇಟಿನ ಫಲಕ ಪಕ್ಕದ ಗೇಟಿನಲ್ಲಿ ನಿಂತವರ ಕಾರ್ಡನ್ನು ಓದಿಬಿಟ್ಟರೆ ಅವರ ದುಡ್ಡಿನಲ್ಲಿ ನೀವು ಪ್ರಯಾಣ ಮಾಡಿದಂತಾಗುತ್ತದೆ.

ಇಷ್ಟಾದರೂ ಅರ್ಧ ಕೆಲಸ. ಗೇಟು ಗಟ್ಟಿಯಾಗಿ ಕೂಗಿದರೆ ಸಾಲದು, ಕಾರ್ಡಿನ ಪಿಸುಮಾತನ್ನೂ ಕೇಳಿಸಿಕೊಳ್ಳಬೇಕು. ಕಾರ್ಡು ಉತ್ತರಿಸುವ ರೀತಿ ವಿಚಿತ್ರ. ಅದು ತನ್ನ ಸುರುಳಿಗೆ ಒಂದು ಹೊರೆಯನ್ನು ಹಾಕಿ ತೆಗೆದು ಮಾಡುತ್ತದೆ. ಸೇದುವ ಹಗ್ಗವನ್ನು ಬಾವಿಯೊಳಗಿಂದ ಯಾರೋ ಸಣ್ಣಗೆ ಜಗ್ಗಿದ ಹಾಗೆ, ಗೇಟಿನ ಸುರುಳಿಗೆ ಆ ಜಗ್ಗು ಗೊತ್ತಾಗುತ್ತದೆ. ದೂರ ಹೆಚ್ಚಿದಂತೆ ಜಗ್ಗು ಸಣ್ಣದಾಗಿ, ತನ್ನದೇ ಕೂಗಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಇನ್ನೊಂದು ತೊಡಕು, ಶ್ರುತಿಯದು. ಸುರುಳಿಯನ್ನು ಬಹಳ ಬಿಗಿಯಾಗಿ ಒಂದೇ ಸ್ವರಕ್ಕೆ ಕೂಡಿಸಿದರೆ ಕ್ಷೇತ್ರ ಜೋರಾಗುತ್ತದೆ ನಿಜ, ಆದರೆ ಕಾರ್ಡಿನ ಉತ್ತರ ಆ ಸ್ವರದ ಅಕ್ಕಪಕ್ಕದಲ್ಲಿ, ಸುಮಾರು 850 ಕಿಲೋಹರ್ಟ್ಸ್ ಆಚೀಚೆ ಬರುತ್ತದೆ. ಬಿಗಿ ಹೆಚ್ಚಾದರೆ ಅದು ಕೇಳುವುದೇ ಇಲ್ಲ. ತಂಬೂರಿ ಶ್ರುತಿ ಮಾಡುವವರಿಗೆ ಇರುವ ನಯ ಇಲ್ಲಿಯೂ ಬೇಕು.

ಇವೆಲ್ಲವನ್ನೂ ಒಟ್ಟಿಗೆ ಗೆದ್ದು ತೋರಿಸಿದ್ದು ಇಸ್ರೇಲಿನ ಟೆಲ್ ಅವಿವ್ ವಿಶ್ವವಿದ್ಯಾಲಯದಲ್ಲಿ. 2005ರಲ್ಲಿ ಅಲ್ಲಿನ ಜಿವ್ ಕ್ಫಿರ್ ಮತ್ತು ಅವಿಶಾಯ್ ವೂಲ್, ಹತ್ತು ಸೆಂಟಿಮೀಟರಿನ ಕಾರ್ಡನ್ನು 40ರಿಂದ 50 ಸೆಂಟಿಮೀಟರಿನಿಂದ ಮಾತಾಡಿಸಬಹುದು ಎಂದು ಲೆಕ್ಕ ಹಾಕಿ ಹೇಳಿದರು. ಕಾಗದದ ಮೇಲಿನ ಲೆಕ್ಕ ತಾನೇ ಎನ್ನುವವರಿಗೆ ಉತ್ತರವಾಗಿ ಮರುವರ್ಷ ಇಲಾನ್ ಕಿರ್ಶೆನ್‌ಬೌಮ್ ಮತ್ತು ವೂಲ್ ಯಂತ್ರವನ್ನೇ ಕಟ್ಟಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಕೋಟಿ ರೂಪಾಯಿಯ ಪ್ರಯೋಗಾಲಯ ಬೇಕಾಗಲಿಲ್ಲ. ಹವ್ಯಾಸಿಗಳು ಅಂಗಡಿಯಲ್ಲಿ ಕೊಳ್ಳುವ ಬಿಡಿಭಾಗ, 40 ಸೆಂಟಿಮೀಟರ್ ಅಗಲಕ್ಕೆ ಬಳೆಯಂತೆ ಬಗ್ಗಿಸಿದ ತಾಮ್ರದ ಕೊಳವೆ, 12 ವೋಲ್ಟಿನ ಬ್ಯಾಟರಿ. ಖರ್ಚು ಸುಮಾರು 100 ಡಾಲರ್. ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ರೀಡರಿಗೆ ಅವರು ಒಂದು ಆಂಪ್ಲಿಫೈಯರ್ ಜೋಡಿಸಿದರು. ಅಲ್ಲೇ ಒಂದು ಸಿಕ್ಕು ಬಂತು. ಆಂಪ್ಲಿಫೈಯರ್ ಒಮ್ಮುಖ ರಸ್ತೆ, ಕೂಗನ್ನು ಹೊರಗೆ ಬಿಡುತ್ತದೆ, ಉತ್ತರವನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಉತ್ತರ ಮರಳಲು ಪಕ್ಕದಲ್ಲಿ ಇನ್ನೊಂದು ದಾರಿಯನ್ನು ಮಾಡಿಕೊಟ್ಟರು. ಫಲ? 25 ಸೆಂಟಿಮೀಟರಿನಿಂದ ಕಾರ್ಡು ಮಾತಾಡಿತು. ಇನ್ನಷ್ಟು ಶ್ರಮ ಪಟ್ಟರೆ 35 ಆಗುತ್ತದೆ ಎಂದು ಬರೆದರು.

ಕೇವಲ ಒಂದು ಗೇಣಿನಷ್ಟು ಹೆಚ್ಚಳಕ್ಕೆ ಇಷ್ಟು ಸಂಭ್ರಮವೇ ಎಂದು ಕೇಳಬೇಡಿ. ಮುಂಬಯಿ ಲೋಕಲ್ಲಿನಲ್ಲಿ ಸಂಜೆ ಆರೂವರೆಗೆ ನಿಮ್ಮ ಜೇಬಿಗೂ ಪಕ್ಕದವರ ಚೀಲಕ್ಕೂ ನಡುವೆ ಎಷ್ಟು ಜಾಗ ಇರುತ್ತದೆ, ಯೋಚಿಸಿ. 25 ಸೆಂಟಿಮೀಟರ್ ಬಹಳವಾಯಿತು. ಕಾರ್ಡಿನ ಭದ್ರತೆಗೆ ಅಲ್ಲಿಯವರೆಗೆ ಕೊಡುತ್ತಿದ್ದ ಉತ್ತರ ಒಂದೇ: ಹತ್ತಿರ ಬರದೆ ಓದಲಾಗುವುದಿಲ್ಲ. ಆ ಉತ್ತರದ ಬೆಲೆ ನೂರು ಡಾಲರ್ ಎಂದು ಟೆಲ್ ಅವಿವ್‌ನವರು ತೋರಿಸಿದ್ದರು.

ಅದೇ ಹೊತ್ತಿಗೆ ಬೇರೆ ಕಡೆಯಿಂದಲೂ ಪೆಟ್ಟು ಬೀಳುತ್ತಿತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗೆರ್ಹಾರ್ಡ್ ಹಾಂಕೆ ದೂರವನ್ನು ಹೆಚ್ಚಿಸುವ ಗೋಜಿಗೇ ಹೋಗದೆ ಅದನ್ನು ಸುತ್ತಿ ಬಂದರು. ಒಂದು ಉಪಕರಣ ಕಾರ್ಡಿನ ಪಕ್ಕ, ಇನ್ನೊಂದು ರೀಡರಿನ ಪಕ್ಕ, ನಡುವೆ 50 ಮೀಟರ್ ರೇಡಿಯೋ ಸಂಪರ್ಕ. ರೀಡರ್ ಕೇಳಿದ ಪ್ರಶ್ನೆ ಕಾರ್ಡಿಗೆ, ಕಾರ್ಡಿನ ಉತ್ತರ ರೀಡರಿಗೆ. ಎಷ್ಟೇ ಗಟ್ಟಿ ಗೂಢಲಿಪಿ ಇದ್ದರೂ ಇಲ್ಲಿ ಪ್ರಯೋಜನವಿಲ್ಲ, ಏಕೆಂದರೆ ಯಾರೂ ಅದನ್ನು ಒಡೆಯುತ್ತಿಲ್ಲ, ಅಂಚೆಯವನಂತೆ ದಾಟಿಸುತ್ತಿದ್ದಾರೆ ಅಷ್ಟೇ. ಕದ್ದು ಕೇಳುವುದಂತೂ ಇನ್ನೂ ಸುಲಭ. ಕಾರ್ಡಿಗೆ ಶಕ್ತಿ ಉಣಿಸುವ ಕೆಲಸ ನಿಜವಾದ ರೀಡರಿನದು, ಕಳ್ಳನಿಗೆ ಒಳ್ಳೆಯ ಕಿವಿ ಇದ್ದರೆ ಸಾಕು. ನಾಲ್ಕು ಮೀಟರ್ ದೂರದಿಂದ ಸಂಭಾಷಣೆ ಕೇಳಬಹುದೆಂದು ಹಾಂಕೆ 2006ರಲ್ಲಿ ತೋರಿಸಿದರು. ಕೀಲಿ ಜೇಬಿನಲ್ಲಿದ್ದರೆ ಸಾಕು, ತಾನೇ ತೆರೆದುಕೊಳ್ಳುವ ಕಾರುಗಳಿಗೂ ದಾಟಿಸುವ ಉಪಾಯವೇ ಮುಳುವಾಯಿತು. ಸ್ವಿಟ್ಜರ್‌ಲೆಂಡಿನ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಗಳನ್ನು ಹೀಗೆ ತೆರೆದು 2011ರಲ್ಲಿ ಪ್ರಬಂಧ ಮಂಡಿಸಿದರು.

ಈ ಪ್ರಯೋಗಗಳಿಂದ ಪ್ರಯೋಜನ ಆಯಿತೇ? ಆಯಿತು. ಅಮೆರಿಕ ತನ್ನ ಪಾಸ್‌ಪೋರ್ಟಿನಲ್ಲಿ ಚಿಪ್ ಇಡಲು ಹೊರಟಾಗ, ಕೆಲವೇ ಸೆಂಟಿಮೀಟರ್ ಆಚೆಗೆ ಓದಲಾಗದು, ಹಾಗಾಗಿ ಗೂಢಲಿಪಿ ಬೇಡ ಎಂಬ ವಾದ ಇತ್ತು. 2005ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು, ಬಹುಪಾಲು ವಿರೋಧದವೇ. ಪರದೇಶದ ವಿಮಾನ ನಿಲ್ದಾಣದಲ್ಲಿ ಯಾರೋ ನನ್ನ ದೇಶ ಯಾವುದೆಂದು ಜೇಬಿನ ಆಚೆಯಿಂದಲೇ ತಿಳಿದರೆ ಗತಿ ಏನು ಎಂಬುದು ಜನರ ಭಯ. ಸರ್ಕಾರ ಬಗ್ಗಿತು. ಮುಚ್ಚಿದಾಗ ಓದಲಾಗದಂತೆ ರಟ್ಟಿನಲ್ಲಿ ಲೋಹದ ತಡೆ, ಒಳಪುಟದಲ್ಲಿ ಅಚ್ಚಾದ ವಿವರವನ್ನು ಮೊದಲು ಕಣ್ಣಾರೆ ಓದಿದ ಯಂತ್ರಕ್ಕೆ ಮಾತ್ರ ಚಿಪ್ ಬಾಯಿ ಬಿಡುವ ಏರ್ಪಾಡು, ಎರಡೂ ಬಂದವು. ನಮ್ಮಲ್ಲಿ ಮೊದಲ ಇ-ಪಾಸ್‌ಪೋರ್ಟ್ 2008ರ ಜೂನ್ 25ರಂದು ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರಿಗೆ ಸಂದಿತು. ಸಾಮಾನ್ಯ ಜನರಿಗೆ ಅದು ಪ್ರಾಯೋಗಿಕವಾಗಿ ಸಿಗತೊಡಗಿದ್ದು 2024ರಲ್ಲಿ.

ಬ್ಯಾಂಕ್ ಕಾರ್ಡುಗಳ ಮಟ್ಟಿಗೆ ಆರಂಭ ಇನ್ನೂ ಕೆಟ್ಟದಾಗಿತ್ತು. 2006ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡವೊಂದು ಸುಮಾರು 20 ಕಾರ್ಡುಗಳನ್ನು ಪರೀಕ್ಷಿಸಿದಾಗ, ಕಾರ್ಡುದಾರರ ಹೆಸರು ಸಹಿತ ವಿವರಗಳು ಯಾವ ಮುಚ್ಚುಮರೆಯೂ ಇಲ್ಲದೆ ಹೊರಬಂದವು. ಈಗಿನವು ಪ್ರತಿ ವ್ಯವಹಾರಕ್ಕೂ ಒಮ್ಮೆ ಮಾತ್ರ ನಡೆಯುವ ಗುಪ್ತ ಸಂಖ್ಯೆಯನ್ನು ತಾವೇ ಹುಟ್ಟಿಸಿ ಕೊಡುತ್ತವೆ. ಕದ್ದು ಓದಿದವನಿಗೆ ನಿನ್ನೆಯ ಸಂಖ್ಯೆ ಇಂದು ಉಪಯೋಗಕ್ಕೆ ಬರುವುದಿಲ್ಲ.

ಇನ್ನು ಲಾಸ್ ಅಲಮೋಸ್‌ನ ದಾರಿ ಹಿಡಿದವರು ಏನಾದರು? ಅವರು ರಸ್ತೆಗೆ ಬಂದರು. ನಾರ್ವೆಯ ಓಲೆಸುಂಡ್‌ನಲ್ಲಿ 1987ರಲ್ಲಿ, ಅಮೆರಿಕದ ಡಲ್ಲಾಸ್‌ನಲ್ಲಿ 1989ರಲ್ಲಿ ಟೋಲ್ ವಸೂಲಿಗೆ ಇಂಥ ಟ್ಯಾಗು ಬಂತು. ನಿಮ್ಮ ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್ ಈ ವಂಶದ್ದು. ನಮ್ಮ ದೇಶ 865ರಿಂದ 867 ಮೆಗಾಹರ್ಟ್ಸ್ ನಡುವಿನ ಜಾಗವನ್ನು ಇಂಥ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಲು 2005ರಲ್ಲಿ ತೆರೆದುಕೊಟ್ಟಿತು. ಫಾಸ್ಟ್ಯಾಗ್ 2014ರಲ್ಲಿ ಆರಂಭವಾಗಿ 2021ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಡ್ಡಾಯವಾಯಿತು.

ಇಲ್ಲಿ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಟ್ಯಾಗು ಇರುವುದು ಮೀಟರುಗಟ್ಟಲೆ ಆಚೆ. ಅಲೆ ನಿಜವಾದ ಅಲೆಯಾಗಿಯೇ ಹೋಗುತ್ತದೆ. ಲೆಕ್ಕ ಸ್ವಲ್ಪ ಉದಾರ: ದೂರ ಇಮ್ಮಡಿಯಾದರೆ ಶಕ್ತಿ ನಾಲ್ಕನೇ ಒಂದು ಭಾಗ. ಆದರೂ ಓದುವ ದೂರ ಹೆಚ್ಚಿದ್ದು ರೀಡರಿನ ಶಕ್ತಿ ಹೆಚ್ಚಿಸಿ ಅಲ್ಲ. ಅದಕ್ಕೆ ಕಾನೂನಿನ ಮಿತಿ ಇದೆ. ಬದಲಾದದ್ದು ಟ್ಯಾಗಿನ ಚಿಪ್ಪು. 2004ರ ಸುಮಾರಿಗೆ ಎಚ್ಚರವಾಗಲು ಹತ್ತಿರಹತ್ತಿರ 100 ಮೈಕ್ರೋವಾಟ್ ಬೇಡುತ್ತಿದ್ದ ಚಿಪ್ಪು ಈಗ 10 ಮೈಕ್ರೋವಾಟಿಗಿಂತ ಕಡಿಮೆಗೇ ಏಳುತ್ತದೆ. ಹತ್ತನೇ ಒಂದು ಹಸಿವು, ಮೂರು ಪಟ್ಟು ದೂರ. ದೊಡ್ಡ ಬಾಯಿಯವರು ಸೋತ ಕಡೆ ಅಲ್ಪಾಹಾರಿಗಳು ಗೆದ್ದರು ಎನ್ನಿ. ಕಾನೂನಿನ ಮಿತಿ ಮೀರಿ ಹವ್ಯಾಸಿ ರೇಡಿಯೋ ಉಪಕರಣದಿಂದ ಕೂಗಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. ಭದ್ರತಾ ಸಂಶೋಧಕಿ ಕ್ರಿಸ್ಟಿನ್ ಪ್ಯಾಜೆಟ್ 2010ರಲ್ಲಿ ಇಂಥ ಟ್ಯಾಗನ್ನು 217 ಅಡಿ ದೂರದಿಂದ ಓದಿದರು.

217 ಅಡಿ ಎಂದ ಕೂಡಲೇ ನಿಮಗೆ 2022ರ ಜೂನಿನಲ್ಲಿ ಹರಿದಾಡಿದ ಆ ವಿಡಿಯೋ ನೆನಪಾಗಬಹುದು. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಒರೆಸುವ ಹುಡುಗ, ಕೈಯಲ್ಲಿ ವಾಚು, ವಾಚನ್ನು ಫಾಸ್ಟ್ಯಾಗಿನ ಮೇಲೆ ಹಾಯಿಸಿ ಹಣ ಕದ್ದು ಓಡುತ್ತಾನೆ ಎಂಬ ಕತೆ. ಪುಣೆಯಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗುವ ಎಷ್ಟೋ ಮಂದಿ ಅದನ್ನು ನೋಡಿ ಟ್ಯಾಗನ್ನು ಕಿತ್ತು ಡ್ಯಾಶ್‌ಬೋರ್ಡಿನೊಳಗೆ ಇಟ್ಟುಕೊಂಡದ್ದುಂಟು. ಆ ವಿಡಿಯೋ ಸುಳ್ಳು. ಮೊದಲನೆಯದಾಗಿ ಸ್ಮಾರ್ಟ್‌ವಾಚಿನಲ್ಲಿ ಇರುವುದು 13.56 ಮೆಗಾಹರ್ಟ್ಸ್‌ನ ವ್ಯವಸ್ಥೆ, ಟ್ಯಾಗು ಇರುವುದು 865ರಲ್ಲಿ. ಎಫ್‌ಎಂ ಸೆಟ್ಟಿನಲ್ಲಿ ಶಾರ್ಟ್‌ವೇವ್ ಹುಡುಕಿದ ಹಾಗಾಯಿತು. ಎರಡನೆಯದಾಗಿ ಟ್ಯಾಗಿನೊಳಗೆ ಹಣವೇ ಇಲ್ಲ, ಬರೀ ಒಂದು ಗುರುತಿನ ಸಂಖ್ಯೆ. ಅದನ್ನು ಓದಿ ಹಣ ಕೇಳುವ ಹಕ್ಕು ನೋಂದಾಯಿತ ಟೋಲ್ ಮತ್ತು ಪಾರ್ಕಿಂಗ್ ವ್ಯವಸ್ಥೆಗಳಿಗೆ ಮಾತ್ರ, ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಹಣ ಹೋಗುವ ದಾರಿಯೇ ಅದರಲ್ಲಿಲ್ಲ ಎಂದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆಗಲೇ ಸ್ಪಷ್ಟಪಡಿಸಿತು. ಬಡ ಹುಡುಗರ ಮೇಲೆ ಅನುಮಾನ ಹುಟ್ಟಿಸಿದ್ದೊಂದೇ ಆ ವಿಡಿಯೋದ ಸಾಧನೆ.

ಟ್ಯಾಗನ್ನು ಗಾಜಿಗೆ ಅಂಟಿಸದೆ ಟೋಲ್ ಬಂದಾಗ ಕೈಯಲ್ಲಿ ಹಿಡಿದು ತೋರಿಸುವವರಿಗೆ ಒಂದು ಮಾತು. ಆ ಟ್ಯಾಗಿನ ಆಂಟೆನಾವನ್ನು ಶ್ರುತಿ ಮಾಡಿರುವುದೇ ಗಾಜಿನ ಮೇಲೆ ಅಂಟಿರುತ್ತದೆ ಎಂದು ಲೆಕ್ಕ ಹಾಕಿ. ನಮ್ಮ ಕೈ ಎಂದರೆ ಬಹುಪಾಲು ನೀರು, ನೀರು ಈ ಅಲೆಯನ್ನು ಹೀರುತ್ತದೆ, ಶ್ರುತಿಯನ್ನೂ ಕೆಡಿಸುತ್ತದೆ. ಮೀಟರುಗಟ್ಟಲೆ ದೂರದಿಂದ ಓದುವುದು ಅಡಿಗೆ ಇಳಿಯುತ್ತದೆ, ನಿಮ್ಮ ಹಿಂದೆ ಹಾರ್ನ್ ಶುರುವಾಗುತ್ತದೆ. ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟ ಗಾಜಿದ್ದರೂ ಇದೇ ಪಾಡು, ಲೇಪವಿಲ್ಲದ ಜಾಗ ನೋಡಿ ಅಂಟಿಸಬೇಕು. ಹೀಗೆ ಕೈಯಲ್ಲಿ ಹಿಡಿಯುವ ಟ್ಯಾಗುಗಳನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ.

ಮತ್ತೆ ನಿಮ್ಮ ಪರ್ಸಿನ ವಿಷಯ. ಕಾರ್ಡು ಓದದಿರುವುದಕ್ಕೆ ಬಹುಪಾಲು ಕಾರಣ ಮೂರು. ಪರ್ಸಿನಲ್ಲಿ ಇಂಥದೇ ಎರಡು ಮೂರು ಕಾರ್ಡುಗಳಿದ್ದರೆ ಒಂದರ ಸುರುಳಿ ಇನ್ನೊಂದರ ಶ್ರುತಿ ಕೆಡಿಸುತ್ತದೆ, ಬರುವ ಶಕ್ತಿಯನ್ನು ಹಂಚಿಕೊಂಡು ಎಲ್ಲವೂ ಹಸಿದಿರುತ್ತವೆ. ಪಕ್ಕದಲ್ಲಿ ನಾಣ್ಯ, ಕೀಲಿ, ಮಾತ್ರೆಯ ತಗಡು ಇದ್ದರೆ ಲೋಹದಲ್ಲಿ ಹುಟ್ಟುವ ಸುಳಿಕರೆಂಟು ಕ್ಷೇತ್ರವನ್ನೇ ನುಂಗುತ್ತದೆ. ಕಾರ್ಡನ್ನು ಬಾಗಿಸಿ ಹಿಂಜೇಬಿನಲ್ಲಿಟ್ಟು ವರ್ಷಗಟ್ಟಲೆ ಕೂತಿದ್ದರೆ ಒಳಗಿನ ತಂತಿ ಚಿಪ್ಪಿನ ಬಳಿ ಮುರಿದಿರುತ್ತದೆ. ಮೆಟ್ರೋ ಕಾರ್ಡು ಪರ್ಸಿನ ಒಂದು ಹೊರಮೈಗೆ, ಬ್ಯಾಂಕ್ ಕಾರ್ಡು ಇನ್ನೊಂದಕ್ಕೆ ಇರಲಿ. ಲೋಹದ ತಡೆಯಿರುವ ಪರ್ಸು ಎಂದು ಸಾವಿರಾರು ರೂಪಾಯಿಗೆ ಮಾರುತ್ತಾರಲ್ಲ, ಅಡುಗೆಮನೆಯ ಅಲ್ಯುಮಿನಿಯಂ ಹಾಳೆಯೂ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತದೆ.

ಬ್ಯಾಂಕ್ ಕಾರ್ಡಿನಲ್ಲಿ ಪಿನ್ ಇಲ್ಲದೆ ತಾಗಿಸಿ ಕೊಡಬಹುದಾದ ಮೊತ್ತ 2021ರ ಜನವರಿಯಿಂದ 5,000 ರೂಪಾಯಿಗೆ ಏರಿದೆ, ಮೊದಲು 2,000 ಇತ್ತು. ಈ ಸೌಲಭ್ಯವನ್ನು ಬೇಕೆಂದಾಗ ತೆರೆಯುವ, ಬೇಡವಾದಾಗ ಮುಚ್ಚುವ ಅವಕಾಶ ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬ್ಯಾಂಕುಗಳಿಗೆ ಆದೇಶಿಸಿತು. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಸೆಟ್ಟಿಂಗ್ ತೆರೆದರೆ ಅದು ಸಿಗುತ್ತದೆ. ಊರಿನಲ್ಲಿರುವ ಅಪ್ಪ ಅಮ್ಮನ ಕಾರ್ಡಿನಲ್ಲಿ ಅದು ತೆರೆದಿದೆಯೋ ಮುಚ್ಚಿದೆಯೋ, ಈ ಭಾನುವಾರ ಫೋನ್ ಮಾಡಿದಾಗ ಕೇಳಿ.